ಸೊಳ್ಳೆಯಿಲ್ಲದ ಊರಿಗೆ ಹೋದ ಔಷ್ದಿ

ನಮ್ಮ ಮನೆಯಲ್ಲಿ ಔಷ್ದಿ ಅಂದರೆ ಒಂದೇ. ಡಾಕ್ಟರ್ ಕೊಡುತ್ತಿದ್ದದ್ದಕ್ಕೆ ಮಾತ್ರೆ, ಟಾನಿಕ್, ಸೂಜಿ ಅಂತ ಬೇರೆ ಬೇರೆ ಹೆಸರುಗಳಿದ್ದವು. ಔಷ್ದಿ ಮಾತ್ರ ಅಪ್ಪನದು. ಚೀಲದಲ್ಲಿ ಬರುತ್ತಿದ್ದ ಬಿಳಿ ಪುಡಿ. ಬಕೆಟ್ ನೀರಿಗೆ ಸುರಿದು, ಕೋಲಿನಿಂದ ಕಲಸಿ, ಕೈಪಂಪು ಒತ್ತಿ ಮನೆಮನೆಯ ಗೋಡೆಗೆ ಹೊಡೆಯುವಂಥದ್ದು. ಡಿಡಿಟಿ. ಅಪ್ಪ ಮೂವತ್ತು ವರ್ಷ ಅದನ್ನೇ ಹೊಡೆದ.

ಊರಿಗೆ ಊರೇ ಅವನನ್ನು "ಮಲೇರಿಯಾದೋನು" ಎನ್ನುತ್ತಿತ್ತು. ರೋಗ ಓಡಿಸಲು ಹೋದವನಿಗೆ ರೋಗದ ಹೆಸರೇ ಅಂಟಿಕೊಂಡಿದ್ದು ನನಗೆ ಚಿಕ್ಕಂದಿನಲ್ಲಿ ಭಾರಿ ಸಿಟ್ಟು ತರಿಸುತ್ತಿತ್ತು. ಅಪ್ಪನಿಗೆ ಅದರಿಂದ ಏನೂ ಅನ್ನಿಸುತ್ತಿರಲಿಲ್ಲ. ಕೆಲವು ವರ್ಷ ಹಾಗಲವಾಡಿ ಕಡೆ, ಕೆಲವು ವರ್ಷ ಗೂಳೂರಿನ ಸುತ್ತಮುತ್ತ, ಕೊನೆಗೆ ಮಾರ್ಕೋನಹಳ್ಳಿ ಕಾಲುವೆಯ ಊರುಗಳಲ್ಲಿ ಸೈಕಲ್ ತುಳಿದು ತುಳಿದು ರಿಟೈರಾದ. ಅವನು ಆ ಕೆಲಸಕ್ಕೆ ಸೇರಲು ಕಾರಣ ಅವನ ತಂಗಿ. ಏಳು ವರ್ಷದ ಹುಡುಗಿ ಚಳಿಜ್ವರದಲ್ಲಿ ಮೂರು ಕಂಬಳಿ ಹೊದಿಸಿದರೂ ಗಡಗಡ ನಡುಗುತ್ತಿದ್ದಳಂತೆ. ಅಪ್ಪನೇ ಅವಳನ್ನು ಅವುಚಿ ಹಿಡಿದು ಮಲಗಿದ್ದನಂತೆ. ಎಷ್ಟೋ ಹೊತ್ತಿನ ಮೇಲೆ ನಡುಕ ನಿಂತಿತು. ಜ್ವರ ಬಿಟ್ಟಿತು ಎಂದುಕೊಂಡು ಅವನೂ ನಿದ್ದೆ ಹೋದನಂತೆ. ಇದನ್ನು ಅವನು ನನಗೆ ಹೇಳಿರುವುದು ಎರಡೇ ಸಲ.

ಔಷ್ದಿ ಹೊಡೆದ ಮೇಲೆ ಬಾಗಿಲ ಪಕ್ಕದ ಗೋಡೆಯಲ್ಲಿ ಕೆಮ್ಮಣ್ಣಿನಿಂದ ಬರೆಯಬೇಕಿತ್ತು: ತಾರೀಕು, ಹೊಡೆದ ಕೋಣೆ ಎಷ್ಟು, ಬಿಟ್ಟಿದ್ದು ಎಷ್ಟು. ಗಲಾಟೆಯೆಲ್ಲ ಈ "ಬಿಟ್ಟಿದ್ದು" ಎಂಬಲ್ಲೇ. ಪಂಪು ಹೊತ್ತು ಬಂದವನನ್ನು ದೇವರ ಕೋಣೆಗೆ ಬಿಟ್ಟುಕೊಳ್ಳುವುದುಂಟೆ? ಲಿಂಗಪೂಜೆಯ ಜಾಗ, ಸ್ನಾನವಿಲ್ಲದೆ ಮನೆಯವರೇ ಕಾಲಿಡುವುದಿಲ್ಲ. ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು, "ಶಿವ್ನೇ, ಅಲ್ಲಿಗ್ ಮಾತ್ರ ಬ್ಯಾಡ ಕಣಪ್ಪಾ, ಆಚೆ ಎಷ್ಟ್ ಬೇಕಾದ್ರೂ ಹೊಡ್ಕೊ" ಎನ್ನುತ್ತಿದ್ದರು. ಅಪ್ಪನ ಜೊತೆಯವರು, ಮೇಲಿನವರ ಹತ್ತಿರ ಯಾರು ಬೈಸಿಕೊಳ್ಳುತ್ತಾರೆ ಎಂದು "ಬಿಟ್ಟಿದ್ದು: ಇಲ್ಲ" ಅಂತ ಗೀಚಿ ಮುಂದಿನ ಮನೆಗೆ ನಡೆಯುತ್ತಿದ್ದರು. ಅಪ್ಪ ಮಾತ್ರ "ಬಿಟ್ಟಿದ್ದು: ಒಂದು" ಎಂದೇ ಬರೆಯುತ್ತಿದ್ದ, ಬೈಸಿಕೊಳ್ಳುತ್ತಿದ್ದ. "ಇಲ್ಲ" ಎಂದು ಅವನ ಕೈ ಬರೆದ ಗೋಡೆಯನ್ನು ನಾನು ಕಂಡಿಲ್ಲ. ನಮ್ಮ ಮನೆಯ ಗೋಡೆಯಲ್ಲೂ "ಒಂದು" ಎಂದೇ ಇತ್ತು. ಅಮ್ಮನ ಕೃಪೆ!

ಪಂಪನ್ನು ದೇವರ ಕೋಣೆಗೆ ಸೇರಿಸದ ಅದೇ ಅಮ್ಮ, ಒಂದು ದಿನ ಚೀಲದಿಂದ ಎರಡು ಚಿಟಿಕೆ ಪುಡಿ ತೆಗೆದು ನನ್ನ ತಲೆಗೆ ಉಜ್ಜಿ, ಬಟ್ಟೆ ಕಟ್ಟಿ ಕೂರಿಸಿದ್ದಳು. ಹೇನಿಗೆ. "ಊರಿಗೆಲ್ಲಾ ಹೊಡೆಯೋ ಔಷ್ದಿ ಮಗೀನ್ ತಲೆಗ್ ಆಗಲ್ವಾ?" ಎಂಬುದು ಅವಳ ಲೆಕ್ಕಾಚಾರ. ಹೇನೇನೋ ಸತ್ತವು. ಅಪ್ಪನೂ ನೋಡಿ ನಕ್ಕ. ಹೆಸರೇ ಔಷ್ದಿ ಆದ ಮೇಲೆ ಯಾರಾದರೂ ಯಾಕೆ ಹೆದರುತ್ತಾರೆ?

ಈಗ ನಾನು ಗುಬ್ಬಿಯಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ತಲೆ ನೆರೆತ ಮೇಲೆ ಪಿಎಚ್‌ಡಿ ಹುಚ್ಚು ಹತ್ತಿತು. ರಜೆ ಸಿಕ್ಕಿದರೆ ಸಾಕು, ತುಮಕೂರಿನ ಒಂದು ಲ್ಯಾಬಿನಲ್ಲಿ ಕೂತು, ನಮ್ಮ ಕೆರೆಗಳ ಮೀನಿನ ಕೊಬ್ಬಿನಲ್ಲಿ ಹಳೆಯ ಕಾಲದ ಡಿಡಿಟಿ ಇನ್ನೂ ಎಷ್ಟು ಉಳಿದಿದೆ ಎಂದು ಹುಡುಕುತ್ತೇನೆ. ಮೀನಿನ ವಾಸನೆಗೇ ಸೆರಗು ಮೂಗಿಗೆ ಹೋಗುವ ಮನೆ ನಮ್ಮದು. ಅಪ್ಪ ಅಮ್ಮ ಇರುವ ಕುಣಿಗಲ್ಲಿಗೆ ಹೋದರೆ ಅಮ್ಮ ಬಾಗಿಲಲ್ಲೇ ತಡೆಯುತ್ತಾಳೆ.

"ಮೀನ್ ಮುಟ್ಟಿ ಬಂದಿದೀಯ, ಸೀದಾ ಬಚ್ಚಲಿಗೆ ನಡಿ. ಅಲ್ಲಾ ಕಣೇ, ಅದರೊಳಗೆ ಅಂಥದ್ದೇನ್ ಹುಡುಕ್ತೀಯ?"

"ಕೊಬ್ಬು ಕಣಮ್ಮ."

"ಅದಕ್ಕೆ ಮೀನ್ ಯಾಕೆ ಬೇಕಿತ್ತು? ನಿನ್ ಹತ್ರಾನೇ ಬೇಕಾದಷ್ಟಿದೆಯಲ್ಲ!"

ಹೋದ ವರ್ಷ ನನ್ನ ಗೈಡ್‌ಗೆ ಪರಿಚಯದ ಒಬ್ಬರು ದಕ್ಷಿಣ ಧ್ರುವದ ಸಮುದ್ರಕ್ಕೆ ಹೋಗಿ ಬಂದರು. ಅಲ್ಲಿಯ ಮೀನಿನ ನಾಲ್ಕು ತುಂಡನ್ನು ಹೆಪ್ಪುಗಟ್ಟಿಸಿ ನಮಗೂ ಕಳಿಸಿದರು. ನನಗೆ ಸಂತೋಷವೋ ಸಂತೋಷ. ಮಾರ್ಕೋನಹಳ್ಳಿ ಡ್ಯಾಮಿನ ಮೀನಿನಲ್ಲಿ ಡಿಡಿಟಿ ಉಂಟು, ಯಾರೂ ವಾಸ ಮಾಡದ ಆ ಸಮುದ್ರದ ಮೀನಿನಲ್ಲಿ ಏನೂ ಇಲ್ಲ ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿಬಿಟ್ಟರೆ ಒಂದು ಅಧ್ಯಾಯ ಮುಗಿದಂತೆ. ಅಪ್ಪನಿಗೂ ಫೋನ್ ಮಾಡಿ ಹೇಳಿದೆ. ಅವನಿಗೆ ಭಾರಿ ಕುತೂಹಲ. ಅಲ್ಲಿಂದ ವಾರ ವಾರವೂ ಅದೇ ಪ್ರಶ್ನೆ: "ನಿನ್ ಐಸ್ ಮೀನು ಏನಂತವ್ವಾ?"

ನಮ್ಮ ಯಂತ್ರದ ಒಳಗೆ ಕೂದಲಿನಷ್ಟು ಸಣ್ಣದಾದ, ಬಲು ಉದ್ದನೆಯ ಒಂದು ಕೊಳವೆ ಸುತ್ತಿಕೊಂಡಿರುತ್ತದೆ. ಮೀನಿನ ಕೊಬ್ಬಿನಿಂದ ತೆಗೆದ ರಸವನ್ನು ಒಂದು ಹನಿ ಬಿಟ್ಟರೆ, ಅದರಲ್ಲಿರುವ ಒಂದೊಂದು ಪದಾರ್ಥವೂ ತನ್ನದೇ ಹೊತ್ತಿಗೆ ಆಚೆ ಬರುತ್ತದೆ. ಬಂದಾಗ ಗೆರೆ ಮೇಲೆದ್ದು ಗೋಪುರವಾಗುತ್ತದೆ. ಡಿಡಿಟಿ ಹಳತಾಗಿ ಬದಲಾದ ಪದಾರ್ಥ ಎಷ್ಟನೆಯ ನಿಮಿಷಕ್ಕೆ ಬರುತ್ತದೆಂದು ನನಗೆ ಬಾಯಿಪಾಠ. ಧ್ರುವದ ಮೀನಿನ ಗೆರೆ ನೆಟ್ಟಗೆ ಬಂತು, ಬಂತು, ಸರಿಯಾಗಿ ಅದೇ ನಿಮಿಷಕ್ಕೆ ಎದ್ದು ನಿಂತಿತು.

ಅಯ್ಯೋ ನಿನ್ನ! ನಾನೇ ಎಲ್ಲೋ ಕೊಳೆ ಮಾಡಿದೆ ಎಂದುಕೊಂಡೆ. ಶೀಶೆಗಳನ್ನೆಲ್ಲ ಮತ್ತೆ ತೊಳೆದೆ. ಮೀನಿಲ್ಲದ ಬರೀ ದ್ರಾವಣ ಬಿಟ್ಟು ನೋಡಿದೆ, ಗೆರೆ ತೆಪ್ಪಗೆ ಮಲಗಿತ್ತು. ಮತ್ತೆ ಮೀನಿನದು ಬಿಟ್ಟೆ, ಎದ್ದಿತು. ಮೂರು ದಿನ ಇದೇ ಆಟ. ಒಂದು ಘಳಿಗೆ, ಅಮ್ಮ ಉಜ್ಜಿದ ಪುಡಿ ಇನ್ನೂ ನನ್ನ ತಲೆಯಲ್ಲೇ ಇದೆಯೇನೋ ಎಂದು ಕೂದಲಿಗೆ ಎರಡು ಟೋಪಿ ಹಾಕಿಕೊಂಡು ಕೂತೆ. ಗೈಡ್ ನಕ್ಕು, "ಇದೇನು ಹೊಸದಲ್ಲ, ಓದ್ಕೊಳಮ್ಮ" ಅಂದರು.

ಓದಿದೆ. ಓದುತ್ತಾ ಹೋದಂತೆ ಊಟ ತಿಂಡಿ ಮರೆತೆ. ಅಮ್ಮನ ಟ್ರಂಕಿನಲ್ಲಿ ನುಸಿಗುಳಿಗೆ ಇಟ್ಟರೆ ಆರು ತಿಂಗಳಿಗೆ ಗುಳಿಗೆ ಇರುವುದಿಲ್ಲ, ವಾಸನೆ ಮಾತ್ರ ಸೀರೆಯಲ್ಲಿ ಕೂತಿರುತ್ತದೆ. ಗೋಡೆಗೆ ಹೊಡೆದದ್ದೂ ಹಾಗೆಯೇ, ತೀರಾ ನಿಧಾನವಾಗಿ. ಬಿಸಿಲಿಗೆ ಇಷ್ಟಿಷ್ಟೇ ಗಾಳಿಗೆ ಏಳುತ್ತದೆ, ಎಲ್ಲೋ ತಂಪಿಗೆ ಇಳಿಯುತ್ತದೆ, ಮತ್ತೆ ಬಿಸಿಲು ಬಂದರೆ ಏಳುತ್ತದೆ. ಹೀಗೆ ಏಳುತ್ತ ಇಳಿಯುತ್ತ ವರ್ಷಗಟ್ಟಲೆ ಸಾಗಿ, ಕೊನೆಗೆ ಮೇಲೇಳಲಾಗದಷ್ಟು ಚಳಿಯಿರುವ ಜಾಗ ತಲುಪಿದರೆ ಅಲ್ಲೇ ವಾಸ. ಅಲ್ಲಿ ನೀರಿನಲ್ಲಿ ಕರಗುವುದಿಲ್ಲ. ಒಗ್ಗರಣೆಯ ಇಂಗು ಎಣ್ಣೆಗೆ ಹಿಡಿಯುವಂತೆ ಕೊಬ್ಬಿಗೆ ಹಿಡಿಯುತ್ತದೆ. ಕಣ್ಣಿಗೆ ಕಾಣದ ಪಾಚಿಯಲ್ಲಿ ಚೂರು, ಅದನ್ನು ರಾಶಿಗಟ್ಟಲೆ ತಿನ್ನುವ ಸಿಗಡಿಯಂಥ ಹುಳದಲ್ಲಿ ಇನ್ನಷ್ಟು, ಆ ಹುಳ ತಿಂದು ಬದುಕುವ ಮೀನಿನಲ್ಲಿ ಅದಕ್ಕೂ ಹೆಚ್ಚು. ಆ ಚಳಿಯ ಮೀನು ನಿಧಾನಕ್ಕೆ ಬೆಳೆಯುತ್ತದೆ, ಬಹಳ ವರ್ಷ ಬದುಕುತ್ತದೆ. ತಿಂದದ್ದರ ಜೊತೆ ಬಂದ ಔಷ್ದಿಯನ್ನು ಕರಗಿಸಿ ಆಚೆ ಹಾಕಲು ಅದಕ್ಕೆ ಬರುವುದಿಲ್ಲ. ವಯಸ್ಸಾದಷ್ಟೂ ಮೈಯಲ್ಲಿ ಕೂಡುತ್ತ ಹೋಗುತ್ತದೆ. ನಾನು ಇಂಥದ್ದನ್ನು ಮಕ್ಕಳಿಗೆ ಒಂದೇ ಪ್ಯಾರಾದಲ್ಲಿ ಪಾಠ ಮಾಡಿದವಳು. ಸೊಂಡಿಲಿನಂತೆ ಎದ್ದ ಗೆರೆಯನ್ನು ಕಣ್ಣಾರೆ ನೋಡುವುದೇ ಬೇರೆ.

ಈ ಉತ್ಸಾಹದಲ್ಲಿ ಫೋನ್ ಕೈಗೆತ್ತಿಕೊಂಡವಳು ಅಪ್ಪನ ನಂಬರಿನ ಹತ್ತಿರ ನಿಂತುಬಿಟ್ಟೆ. ಇದನ್ನು ಅವನಿಗೆ ಹೇಗೆ ಹೇಳುವುದು? ಎಂಬತ್ತು ದಾಟಿದ್ದಾನೆ. ಬದುಕಿನಲ್ಲಿ ಒಂದಾದರೂ ಒಳ್ಳೆಯ ಕೆಲಸ ಮಾಡಿದೆ ಎಂದು ಅವನು ಹಿಡಿದುಕೊಂಡಿರುವುದು ಆ ಪಂಪನ್ನೊಂದೇ. ಅದನ್ನೂ ಕಿತ್ತುಕೊಂಡು ಮುದುಕನ ಕೈಗೆ ನಾನು ಏನು ಕೊಡಲಿ? ನಿಜವಾಗಿಯೂ ಹೆದರಿದೆ. ಏನೂ ಸಿಗಲಿಲ್ಲ ಅಂದುಬಿಡೋಣ ಎಂದು ನಿರ್ಧರಿಸಿದೆ. ಅವನಿಗೆ ನಾನು ಹೇಳಹೊರಟ ಮೊದಲ ದೊಡ್ಡ ಸುಳ್ಳು ಅದು.

ಭಾನುವಾರ ಕುಣಿಗಲ್ಲಿಗೆ ಹೋದೆ. ಅಮ್ಮ ಎಂದಿನಂತೆ ಬಚ್ಚಲಿಗೆ ಅಟ್ಟಿದಳು. ಬ್ಯಾಗನ್ನು ಜಗಲಿ ಮೇಲೆ ಬಿಟ್ಟು ಹೋದದ್ದೇ ತಪ್ಪಾಯಿತು. ತಲೆ ಒರೆಸಿಕೊಳ್ಳುತ್ತ ಬಂದರೆ ಅಪ್ಪ ಕನ್ನಡಕ ಏರಿಸಿಕೊಂಡು ಎರಡು ಹಾಳೆಗಳನ್ನು ತೊಡೆಯ ಮೇಲೆ ಹರವಿಕೊಂಡಿದ್ದ. ಮೇಲೆ ನಾನೇ ಕನ್ನಡದಲ್ಲಿ ಬರೆದಿದ್ದೆ, ಒಂದರಲ್ಲಿ "ಮಾರ್ಕೋನಹಳ್ಳಿ", ಇನ್ನೊಂದರಲ್ಲಿ "ಧ್ರುವ".

"ಏನೂ ಸಿಗಲಿಲ್ಲ ಅಪ್ಪ," ಅಂದೆ, ಅವನು ಕೇಳುವ ಮೊದಲೇ.

"ಎರಡರಾಗೂ ಒಂದೇ ಜಾಗದಾಗೆ ಎದ್ದೈತಲ್ಲವ್ವ," ಅಂದ. ಒಂದು ಚಿಕ್ಕದು, ಒಂದು ದೊಡ್ಡದು, ಅಷ್ಟೇ ವ್ಯತ್ಯಾಸ. ಚಿಕ್ಕದರ ಮೇಲೆ ಬೆರಳಿಟ್ಟು ಕೇಳಿದ, "ಔಷ್ದೀನಾ?"

"ಹೂಂ."

"ಅಲ್ಲಿ ಸೊಳ್ಳೆ ಐತಾ?"

"ಒಂದೂ ಇಲ್ಲ."

"ಸೊಳ್ಳೇನೇ ಇಲ್ದಿದ್ ಊರಿಗೆ ಯಾವನವ್ವಾ ಹೋಗಿ ಹೊಡ್ದೋನು?"

ಯಾರೂ ಹೋಗಿಲ್ಲ, ಇಲ್ಲಿಂದಲೇ, ಎಲ್ಲಾ ದೇಶಗಳಿಂದಲೂ ಗಾಳಿಯಲ್ಲಿ ಹೋಗಿದ್ದು ಎಂದೆ. ನುಸಿಗುಳಿಗೆಯಿಂದ ಹಿಡಿದು ಮೀನಿನ ತನಕ ಎಲ್ಲ ಹೇಳಿದೆ. ಅವನು ನಡುನಡುವೆ ಒಳ್ಳೊಳ್ಳೆಯ ಪ್ರಶ್ನೆ ಕೇಳಿದ. ಕೊಬ್ಬು ಕರಗಿದರೆ ಔಷ್ದಿ ಎಲ್ಲಿಗೆ ಹೋಗುತ್ತದೆ, ತಾಯಿ ಮೀನಿಂದ ಮೊಟ್ಟೆಗೂ ಹೋಗುತ್ತಾ ಎಂದೆಲ್ಲ. ಹೋಗುತ್ತದೆ ಎಂದಾಗ ನನ್ನ ತಲೆಯನ್ನೇ ನೋಡುತ್ತಾ ಕೂತ. ಹೇನಿನ ನೆನಪಾಯಿತೆಂದು ನನಗೆ ಗೊತ್ತಾಯಿತು.

"ಇದರಾಗೆ ನಂದು ಎಷ್ಟೈತೆ?" ಅಂದ ಕೊನೆಗೆ.

"ಅದು ಹೇಳೋಕ್ಕಾಗಲ್ಲ ಅಪ್ಪ. ಯಾರದು ಅಂತ ಅದರ ಮೇಲೆ ಬರೆದಿರಲ್ಲ."

"ಬರ್ದಿರಲ್ಲ," ಎಂದು ಅವನೂ ಹೇಳಿದ. ಬಾಗಿಲ ಪಕ್ಕದ ಗೋಡೆಯ ಕಡೆ ತಿರುಗಿದ. ಅದಕ್ಕೆ ಈಗ ಹಸಿರು ಪೇಂಟು.

ನಾನು ಸಮಾಧಾನ ಹೇಳಲು ಹೋದೆ. ನೀನು ತಾನೇ ಏನು ಮಾಡುತ್ತಿದ್ದೆ, ಆಗ ಯಾರಿಗೂ ಗೊತ್ತಿರಲಿಲ್ಲ, ಎಷ್ಟೋ ಮಕ್ಕಳು ಉಳಿದರು ಎಂದು ಏನೇನೋ ಒದರಿದೆ. ಅವನು ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿದ.

"ಬುಡವ್ವ. ನನ್ ತಂಗಿ ಮಲಗಿದ್ದ ಆ ಮನೆಗೆ ಈಗ್ಲೂ ಹೊಡೀ ಅಂದ್ರೆ ಹೊಡೀತೀನಿ. ಅದಕ್ಕಲ್ಲ. ಹೊಡ್ದ ಮ್ಯಾಲೆ ಬರೀದೆ ಬರಬಾರ್ದು. ನಾನ್ ಯಾವತ್ತೂ ಹಂಗ್ ಬಂದಿಲ್ಲ. ಪೆನ್ ಕೊಡು."

ಪೇಪರ್ ತಿದ್ದುವ ಕೆಂಪು ಪೆನ್ನು ಕೊಟ್ಟೆ. ಅವನು "ಧ್ರುವ" ಎಂದಿದ್ದ ಹಾಳೆಯನ್ನು ತೊಡೆಯ ಮೇಲೆ ನೇರ ಮಾಡಿಕೊಂಡು, ಮೂಲೆಯಲ್ಲಿ ಆ ಹಳೆಯ ದಪ್ಪ ಅಕ್ಷರಗಳಲ್ಲಿ "ತಾರೀಕು" ಎಂದು ಬರೆದು, ಮುಂದೆ ಜಾಗ ಬಿಟ್ಟ. "ಹೊಡೆದ ಕೋಣೆ" ಎಂದು ಬರೆದು, ಅಲ್ಲೂ ಜಾಗ ಬಿಟ್ಟ. ಆಮೇಲೆ "ಬಿಟ್ಟಿದ್ದು" ಎಂದು ಬರೆದು ಪೆನ್ನೆತ್ತಿದ. ದೇವರ ಕೋಣೆಯೊಳಗೆ ಅಮ್ಮ ಗಂಟೆ ಬಾರಿಸುತ್ತಿದ್ದಳು. ಅಪ್ಪ ಆ ಹೊಸ್ತಿಲನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬಗ್ಗಿ "ಇಲ್ಲ" ಎಂದು ಬರೆದು, ಹಾಳೆಯನ್ನು ನನ್ನ ಕೈಗೆ ಕೊಟ್ಟ.