ಜೋಡಿ ಹೆಸರಿನ ಕಲ್ಲು

ವರ್ಲೀನ್ ಹ್ಯಾಥ್‌ಕಾಕ್ ಗಂಡನನ್ನು ಬಿಡಲೆಂದು ನಮ್ಮ ಆಫೀಸಿಗೆ ಬಂದ ದಿನ ಅವಳ ಮುಖ ನೋಡಿದವರು ಯಾರದೋ ಮದುವೆಗೆ ಹೊರಟಿದ್ದಾಳೆ ಅನ್ನಬೇಕು. ಶಾಲೆಯ ಅಡುಗೆಮನೆಯಿಂದ ನೇರ ಬಂದಿದ್ದಳು. ಕೂದಲು ಉದುರದಂತೆ ತಲೆಗೆ ಹಾಕುವ ಬಲೆಯನ್ನೂ ತೆಗೆದಿರಲಿಲ್ಲ.

"ಇಮೊಜೀನ್, ಕಿಟಕಿ ಮೇಲೆ ಬರ್ದಿದ್ದೀರಲ್ಲ, ಜಗಳ ಇಲ್ದಿರೋ ಡೈವೋರ್ಸು, ಒಂದೇ ರೇಟು ಅಂತ. ನಂಗೂ ಒಂದು ಕೊಡು" ಅಂದಳು, ಅಂಗಡಿಯಲ್ಲಿ ಬ್ರೆಡ್ಡು ಕೇಳಿದ ಹಾಗೆ.

ನಾನು ವಕೀಲ ಪ್ರೂಯಿಟ್ ಅವರ ಗುಮಾಸ್ತೆ. ಹತ್ತೊಂಬತ್ತು ವರ್ಷದಿಂದ ನೋಟರಿ ಮೊಹರೂ ನನ್ನ ಕೈಯಲ್ಲೇ ಇದೆ. ಅಲಬಾಮದ ಈ ಊರಿನಲ್ಲಿ ಯಾರ ಮದುವೆ ಮುರಿಯುತ್ತದೆಂದು ಪಾದ್ರಿಗಿಂತ ಮೊದಲು ನನಗೆ ತಿಳಿಯುತ್ತದೆ. ಒಂದೇ ದರದ ನಿಯಮ ಬಹಳ ಸರಳ. ಗಂಡ ಹೆಂಡತಿ ಎಲ್ಲದಕ್ಕೂ ಮೊದಲೇ ಒಪ್ಪಿ ಬಂದಿರಬೇಕು. ಒಂದು ಚಮಚಕ್ಕೆ ತಕರಾರು ಎದ್ದರೂ ಆ ದರ ಅಲ್ಲಿಗೆ ಮುಗಿಯಿತು, ಮುಂದಿನದು ಕೋರ್ಟು, ಸಾಕ್ಷಿ, ರಗಳೆ.

ವರ್ಲೀನ್ ಇಪ್ಪತ್ತೆಂಟು ವರ್ಷದಿಂದ ಶಾಲೆಯ ಮಕ್ಕಳಿಗೆ ಬೇಯಿಸಿ ಹಾಕುತ್ತಿದ್ದಾಳೆ. ಬಾಯಿ ಜೋರು, ಕೈ ಧಾರಾಳ. ಅವಳ ಗಂಡ ಹಾಯ್ಟ್ ಕರೆಂಟಿನ ಕಂಬ ಹತ್ತುವವನು. ಕೆಟ್ಟವನಲ್ಲ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಮಾತೂ ಆಡುವುದಿಲ್ಲ. ಅವಳ ದೂರು ಅದೊಂದೇ.

"ಮೂವತ್ತೊಂದು ವರ್ಷ ಗೋಡೆ ಜೊತೆ ಸಂಸಾರ ಮಾಡ್ದೆ ಕಣೇ. ಗೋಡೆನಾದ್ರೂ ಬಣ್ಣ ಬಳಿದ್ರೆ ಮುಖ ಬದ್ಲಾಯಿಸುತ್ತೆ."

ಫಾರ್ಮು ತುಂಬಿದೆವು. ಮನೆ ಅವಳಿಗೆ. ಟ್ರಕ್ಕು, ಮೀನಿನ ದೋಣಿ, ನಾಯಿ ಅವನಿಗೆ. "ಬೇರೆ ಆಸ್ತಿ?" ಅಂದೆ. "ಏನೂ ಇಲ್ಲ" ಅಂದಳು. ಫೋನಿನಲ್ಲಿ ಹಾಯ್ಟ್ ಕೂಡ ಅದನ್ನೇ ಅಂದ. ನಮ್ಮ ಕಡೆಯವರೆಲ್ಲ ಮಾಡುವ ತಪ್ಪನ್ನು ಅವರಿಬ್ಬರೂ ಮಾಡಿದರು. ಐವತ್ತು ದಾಟಿದ ಕೂಡಲೇ ಚರ್ಚಿನ ಸ್ಮಶಾನದಲ್ಲಿ ಎರಡು ಜಾಗ ಹಿಡಿದು, ಒಂದೇ ಕಲ್ಲಿನ ಮೇಲೆ ಇಬ್ಬರ ಹೆಸರು, ಹುಟ್ಟಿದ ತಾರೀಖು, ಮದುವೆಯ ತಾರೀಖು ಕೆತ್ತಿಸಿ, ಸಾಯುವ ತಾರೀಖಿಗೆ ಜಾಗ ಬಿಟ್ಟು ನಿಲ್ಲಿಸಿಬಿಡುತ್ತೇವೆ. ಅವರಿಬ್ಬರದೂ ಒಂದಿತ್ತು, ನನ್ನದೂ ಒಂದಿದೆ. ಪ್ರತಿ ಭಾನುವಾರ ನನ್ನ ಹೆಸರು ಓದಿಕೊಂಡೇ ಚರ್ಚಿನೊಳಗೆ ಹೋಗುತ್ತೇನೆ. ಆದರೆ ಅದನ್ನು ಯಾರೂ ಆಸ್ತಿಯಲ್ಲಿ ಸೇರಿಸುವುದಿಲ್ಲ. ತಾವು ಸಾಯುತ್ತೇವೆಂದು ಯಾರಿಗೆ ನೆನಪಿರುತ್ತದೆ?

ಸಹಿಗೆ ಬರಬೇಕಾದ ಹಾಯ್ಟ್, ಬಿರುಗಾಳಿಗೆ ಬಿದ್ದ ಕಂಬಗಳನ್ನು ಎತ್ತಲು ಸಮುದ್ರದ ಕಡೆ ಹೋದ. ವಾಪಸು ಬಂದಾಗ ಏಪ್ರಿಲ್ ಮುಗಿದಿತ್ತು, ಅವನ ಪಕ್ಕದಲ್ಲಿ ನಡೆಲ್ ಸ್ವಾಫರ್ಡ್ ಇದ್ದಳು. ಕೆರೆಯ ಹತ್ತಿರ ಗಾಳದ ಅಂಗಡಿ ಇಟ್ಟಿರುವ ವಿಧವೆ.

ವರ್ಲೀನ್ ಬಿದ್ದು ಬಿದ್ದು ನಕ್ಕಳು. "ಪಾಪ, ಅವಳಿಗೆ ಕಿವಿ ಕೇಳಲ್ವೇನೋ! ಅದಕ್ಕೇ ಜೋಡಿ ಸರಿಹೋಗಿದೆ."

ಆ ನಗು ಮೇ ತಿಂಗಳ ಎರಡನೇ ಭಾನುವಾರದವರೆಗೆ ಬಂತು. ಅಂದು ಎಲ್ಲರೂ ತಮ್ಮವರ ಸಮಾಧಿ ತೊಳೆದು, ಹೂವಿಟ್ಟು, ಅಲ್ಲೇ ಮರದ ಕೆಳಗೆ ಊಟ ಮಾಡುವ ದಿನ. ಹಾಯ್ಟ್ ತನ್ನ ಅಮ್ಮನಿಗೆ ಹೂವಿಡಲು ನಡೆಲ್‌ಳನ್ನೂ ಕರೆತಂದಿದ್ದ. ಅವಳು ಸಿಹಿ ಟೀಯ ಜಗ್ಗನ್ನು ಪಕ್ಕದ ಕಲ್ಲಿನ ಮೇಲೆ, ಸರಿಯಾಗಿ ವರ್ಲೀನಳ ಹೆಸರಿನ ಮೇಲಿನ ಅಂಚಿಗೆ ಇಟ್ಟಿದ್ದಳು. ಹಾಯ್ಟ್ ಅದೇ ಕಲ್ಲಿಗೆ ಒರಗಿ ಕಥೆ ಹೇಳುತ್ತಿದ್ದ. ಹಾಯ್ಟ್! ಕೈ ಬೀಸಿಕೊಂಡು, ಕಂಬದ ತುದಿಯಲ್ಲಿ ಗೂಬೆಯೊಂದು ತನ್ನ ಟೋಪಿ ಕಸಿದ ಕಥೆ. ಸುತ್ತ ಹತ್ತು ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸುಳ್ಳೇಕೆ, ನನಗೂ ಹೊಟ್ಟೆ ಉರಿಯಿತು. ನನ್ನ ಗಂಡ ನಗಿಸಿ ಎಷ್ಟು ಕಾಲವಾಯಿತೋ.

ವರ್ಲೀನ್ ಬಾಳೆಹಣ್ಣಿನ ಪುಡ್ಡಿಂಗ್ ಹಿಡಿದುಕೊಂಡು ನಿಂತೇ ಇದ್ದಳು. ನನ್ನ ತೋಳು ಚಿವುಟಿ ಪಿಸುಗುಟ್ಟಿದಳು. "ಆ ಗೂಬೆ ಕಥೆ ನಂಗೆ ಗೊತ್ತೇ ಇಲ್ಲ, ಇಮೊಜೀನ್. ಯಾವಾಗ ನಡೀತು ಅದು? ಅವತ್ತು ಸಾಯಂಕಾಲ ಮನೆಗೆ ಬಂದು ನನ್ನ ಎದುರಿಗೇ ಊಟ ಮಾಡಿರ್ತಾನಲ್ವಾ?"

ಸೋಮವಾರ ಬೆಳಿಗ್ಗೆ ಆಫೀಸಿನ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದಳು.

"ಆ ಕಲ್ಲು ನಂದು. ಜಾಗ ಎರಡೂ ನಂದು. ಬರ್ಕೋ."

"ಅವನ ಪಕ್ಕ ಮಲಗ್ಬೇಕೇನೇ ನಿಂಗೆ?"

"ನಂಗೆ ಬೇಡ. ಅವಳಿಗೂ ಸಿಗಬಾರ್ದು."

ಪ್ರೂಯಿಟ್ ಅವರು ಕನ್ನಡಕ ತೆಗೆದರು. "ನೋಡಮ್ಮ, ಅವನು ಆಗಲ್ಲ ಅಂದ್ರೆ ಇದು ಜಗಳದ ಕೇಸಾಗುತ್ತೆ. ಒಂದೇ ರೇಟು ನಡೆಯಲ್ಲ. ವರ್ಷಗಟ್ಲೆ ಎಳೆದಾಡ್ತಾನೆ."

"ಎಳೆದಾಡ್ಲಿ" ಅಂದಳು ವರ್ಲೀನ್. ಕಣ್ಣು ಹೊಳೆಯುತ್ತಿತ್ತು. ಆಗ ನನಗೆ ಹೊಳೆಯಿತು, ಇವಳಿಗೆ ಬೇಕಾಗಿರುವುದು ಕಲ್ಲಲ್ಲ. ಅವನು ಇವಳಿಗಾಗಿ ಒಮ್ಮೆಯಾದರೂ ದನಿ ಎತ್ತಬೇಕು, ಅಷ್ಟೇ.

ಗುರುವಾರ ಸಹಿಯ ದಿನ ಅವಳು ಕೂದಲು ಸುರುಳಿ ಮಾಡಿಸಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು ಬಂದಳು. ಹಾಯ್ಟ್ ಟೋಪಿ ಕೈಯಲ್ಲಿ ಹಿಡಿದು ಎದುರು ಕೂತ. ಪ್ರೂಯಿಟ್ ಹೊಸ ಸಾಲನ್ನು ಓದಿ ಹೇಳಿದರು. ವರ್ಲೀನ್ ಕೈಚೀಲದ ಹಿಡಿಯನ್ನು ಗಟ್ಟಿಯಾಗಿ ಹಿಡಿದಳು.

ಹಾಯ್ಟ್ ಕಾಗದವನ್ನು ನಿಧಾನಕ್ಕೆ ಓದಿದ. "ಆಯ್ತು" ಅಂದ. "ತಗೊಳ್ಳಲಿ."

"ಎರಡೂ ಜಾಗ?" ಅಂದಳು ಅವಳು.

"ಎರಡೂ. ನಡೆಲ್ ಅವರ ಅಪ್ಪ ಅಮ್ಮನ ಸಮಾಧಿ ಹತ್ರ ಜಾಗ ಇದೆ. ನಾವು ಅಲ್ಲೇ ಅಂದ್ಕೊಂಡಿದೀವಿ." ಆಮೇಲೆ ಏನೋ ನೆನಪಾದವನಂತೆ, "ಅವತ್ತು ಗೊತ್ತಾಗ್ದೆ ನಿನ್ನ ಹೆಸರಿನ ಮೇಲೆ ಜಗ್ಗು ಇಟ್ಬಿಟ್ಟೆ, ತಪ್ಪು ತಿಳೀಬೇಡ ಅಂತ ಹೇಳು ಅಂದ್ಲು ನಡೆಲ್" ಅಂದ.

ಆ ಹೆಂಗಸು ಒಳ್ಳೆಯವಳೂ ಆಗಿದ್ದಳು, ಅದಕ್ಕಿಂತ ಉರಿ ಬೇರೆ ಬೇಕೆ!

"ನಿಮ್ಮಮ್ಮ ಅಲ್ಲೇ ಪಕ್ಕದಲ್ಲಿದ್ದಾರೆ ಹಾಯ್ಟ್. ಅವರನ್ನ ಬಿಟ್ಟು ಹೋಗ್ತೀಯಾ?"

"ಅಮ್ಮಂಗೇನೂ ಬೇಜಾರಾಗಲ್ಲ. ನಾನು ಸುಮ್ನೆ ಕೂರೋದು ನೋಡಿ ನೋಡಿ ಅವರಿಗೂ ಸಾಕಾಗಿತ್ತು."

ಪ್ರೂಯಿಟ್ ನಕ್ಕರು. ನಾನು ತಡೆದುಕೊಂಡೆ. ವರ್ಲೀನ್ ನಗಲಿಲ್ಲ.

"ಒಂದ್ಸಲ ಆಗಲ್ಲ ಅನ್ನು" ಅಂದಳು ಮೆಲ್ಲಗೆ.

"ಏನು?"

"ಕಲ್ಲು ಕೊಡಲ್ಲ ಅನ್ನು. ಒಂದೇ ಒಂದ್ಸಲ."

ಹಾಯ್ಟ್ ನನ್ನ ಕಡೆ ನೋಡಿದ, ವಕೀಲರ ಕಡೆ ನೋಡಿದ. ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ನಿಂಗೆ ಬೇಕು ಅಂದ್ಯಲ್ಲ ವರ್ಲೀನ್. ಅದಕ್ಕೇ ತಗೋ ಅಂದೆ."

ಮೊಹರು ಒತ್ತುವ ಮೊದಲು ಒಬ್ಬೊಬ್ಬರನ್ನೂ ಕೇಳುವುದು ನನ್ನ ಕೆಲಸ. ಸ್ವಂತ ಇಷ್ಟದಿಂದ, ಯಾರ ಒತ್ತಾಯವೂ ಇಲ್ಲದೆ ಸಹಿ ಮಾಡುತ್ತಿದ್ದೀರಾ? ಹಾಯ್ಟ್ ಥಟ್ಟನೆ ಹೌದು ಅಂದ, ಸಹಿ ಹಾಕಿ ಪೆನ್ನನ್ನು ಅವಳತ್ತ ಸರಿಸಿದ. ವರ್ಲೀನಳೂ ಸಹಿ ಹಾಕಿದಳು. ನಾನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ. ಇನ್ನೊಮ್ಮೆ ಕೇಳಿದೆ, ಕೇಳದೆ ವಿಧಿಯಿರಲಿಲ್ಲ.

"ಇದನ್ನ ಕೇಳ್ಕೊಂಡು ಬಂದವಳು ನಾನೇ ಅಲ್ವೇನೇ" ಅಂದಳು. "ಒತ್ತು."