ಗ್ರೀಕರ ‘ಇಲ್ಲ’, ಆಯಿಯ ‘ಇಲ್ಲ’

ಉಮರ್ಗಾದಿಂದ ನಿಲಂಗಾಕ್ಕೆ ಹೊರಟ ಬಸ್ಸಿನಲ್ಲಿ ನಾನು ಪರೀಕ್ಷೆಗೆಂದು ಹಳೆಯ ಗ್ರೀಕ್ ಭಾಷೆ ಉರು ಹೊಡೆಯುತ್ತಿದ್ದೆ: “ಊ, ಊಕ್, ಊಖ್.”

ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಮುದುಕಿ, ಒಬ್ಬ ಆಯಿ, ಕೇಳಿದಳು, “ಇದೇನ್ ಮಂತ್ರೋ ತಮ್ಮಾ?”

“ಮಂತ್ರ ಅಲ್ರೀ ಆಯಿ. ಗ್ರೀಕ್ ಭಾಷಾದಾಗ ‘ಇಲ್ಲ’ ಅನ್ನೂದು. ಮುಂದಿನ ಶಬ್ದ ನೋಡಿ ಸ್ಪೆಲ್ಲಿಂಗ್ ಬದಲಾಗ್ತದ.”

“ಅದಕ್ಕ ಪರೀಕ್ಷಾ ಬ್ಯಾರೆ! ನಾ ಈಗ ಮೊಮ್ಮಗಳಿಗಿ ವರಾ ನೋಡ್ಲಾಕ ಹೊಂಟೀನಿ. ಹುಡುಗ ಮನಸ್ಸಿಗಿ ಬರಲಿಲ್ಲಂದ್ರ ಅವರ ಮನ್ಯಾಗ ಚಹಾ ಮುಟ್ಟಂಗಿಲ್ಲ. ಅಷ್ಟರಾಗ ಅವರಿಗಿ ತಿಳೀತದ. ಬಾಯಿ ಬಿಡೂದೇ ಬ್ಯಾಡ.”

ಆಮೇಲೆ ನನ್ನ ಊರು, ಹೊಲ, ಮನೆತನ ಎಲ್ಲ ವಿಚಾರಿಸಿದಳು. ಲಗ್ನ ಆಗಿಲ್ಲ ಎಂದಾಗ ಕನ್ನಡಕ ಸರಿಮಾಡಿಕೊಂಡು ನನ್ನನ್ನು ಮತ್ತೊಮ್ಮೆ ನೋಡಿದಳು.

“ಈ ಊ-ಊಕ್ ಕಲ್ತರ ನೌಕರಿ ಸಿಗ್ತದೇನೋ?”

“ಸಿಗೂದು ಕಷ್ಟ ಅದರೀ ಆಯಿ,” ಎಂದು ನಕ್ಕೆ.

ನಿಲಂಗಾದಲ್ಲಿ ಇಳಿದ ಮೇಲೆ, ಬಿಸಿಲಿಗೆ ದಣಿದಿದ್ದಾಳೆಂದು ಒಂದು ಕಪ್ ಚಹಾ ತಂದು, ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದ ಅವಳ ಪಕ್ಕ ಇಟ್ಟೆ. ಆಯಿ ಅದನ್ನು ಎರಡೇ ಬೆರಳಿನಿಂದ, ಬಹಳ ಪ್ರೀತಿಯಿಂದ, ನನ್ನ ಕಡೆಗೇ ಸರಿಸಿದಳು.

“ನೀನೇ ಕುಡಿ, ತಮ್ಮಾ.”

ಗ್ರೀಕರ ಮೂರು ‘ಇಲ್ಲ’ಗಳಲ್ಲಿ ನಾನು ಆಮೇಲೆ ಪರೀಕ್ಷೆಯಲ್ಲಿ ಎಡವಿದೆ. ಆಯಿಯದು ಮಾತ್ರ ಒಂದೇ ಸಲಕ್ಕೆ ತಿಳಿಯಿತು. ಅಷ್ಟಕ್ಕೂ ನಾನು ಹೆಣ್ಣು ಕೇಳಿಯೇ ಇರಲಿಲ್ಲ.