ಬಾಗಿಲು ತೆಗೆಯದವಳ ಪರವಾಗಿ

ಅಕ್ಕ ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ನಮ್ಮ ಮನೆಗೆ ಬಂದು ಹದಿನೇಳು ದಿನ ಇದ್ದಳು. ಆಗ ನಾವಿಬ್ಬರೂ ಕೂಡಿ ನೋಡಿದ್ದು ರಕ್ತ ಕುಡಿಯುವ ಪಿಶಾಚಿಗಳ ಒಂದು ಸೀರಿಯಲ್ಲು. ಹೊರದೇಶದ್ದು, ಕನ್ನಡಕ್ಕೆ ಡಬ್ ಮಾಡಿದ್ದು. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯಲ್ಲೂ ಎಲ್ಲರ ಬಾಯಲ್ಲಿ ಅದೇ. ಮೊದಲ ಪಾಳಿ ಮುಗಿಸಿ ನಾನು ಮನೆ ಸೇರುವ ಹೊತ್ತಿಗೆ ಅಕ್ಕ ಮೊಬೈಲನ್ನು ಸ್ಟೀಲ್ ಡಬ್ಬಿಗೆ ಒರಗಿಸಿ ಕಾಯುತ್ತಿರುತ್ತಿದ್ದಳು.

ಅವಳನ್ನು ಉಪ್ಪಿನಬೆಟಗೇರಿಗೆ ಕೊಟ್ಟು ಒಂಬತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಬಚ್ಚಲಲ್ಲಿ ಕಾಲು ಜಾರಿ ಬಿದ್ದೆ ಎಂದು ಸತ್ತೂರಿನ ಆಸ್ಪತ್ರೆಯಲ್ಲಿ ಹೇಳಿದ್ದಳು, ನಮಗೂ ಅದನ್ನೇ ಹೇಳಿದಳು. ಅವ್ವ ನಂಬಿದವಳಂತೆ ಇದ್ದುಬಿಟ್ಟಳು. ನಾನೂ ಕೆದಕಲಿಲ್ಲ.

ಆ ಕಥೆಯಲ್ಲಿ ಒಬ್ಬ ಹೆಂಗಸಿದ್ದಾಳೆ. ಅವಳ ಗಂಡನನ್ನು ಪಿಶಾಚಿಯೊಂದು ಕಚ್ಚುತ್ತದೆ, ಅವನೂ ಪಿಶಾಚಿಯಾಗುತ್ತಾನೆ. ಒಳಗಿನವರು 'ಬಾ' ಅನ್ನದೆ ಅಂಥವರು ಹೊಸ್ತಿಲು ದಾಟುವಂತಿಲ್ಲ, ಬಿಸಿಲು ತಾಗಿದರೆ ಸುಟ್ಟು ಬೂದಿಯಾಗುತ್ತಾರೆ. ಬೆಳಕು ಹರಿಯುವ ಮುಂಚೆ ಅವನು ಬಂದು ಬಾಗಿಲು ಬಡಿಯುತ್ತಾನೆ. ಒಳಗೆ ಮಗು ಮಲಗಿದೆ. ಅವಳು ಬಾಗಿಲಿಗೆ ಬೆನ್ನು ಕೊಟ್ಟು ಕೂತು ಅವನ ಅಳುವನ್ನೆಲ್ಲ ಕೇಳುತ್ತಾಳೆ, 'ಬಾ' ಅನ್ನುವುದಿಲ್ಲ. ಸೂರ್ಯ ಮೇಲೆ ಬರುತ್ತಾನೆ.

ನಮ್ಮ ಕ್ಯಾಂಟೀನಿನಲ್ಲಿ ಅವಳನ್ನು ಬೈಯದವರಿರಲಿಲ್ಲ. ನಾನೂ ಮನೆಗೆ ಬಂದು ಅದೇ ರಾಗ ಎಳೆದೆ.

"ಎಂಥಾ ಕಲ್ಲಮನಸ್ಸು ಅಕ್ಕಾ ಆಕೀದು? ಗಂಡ ಸುಟ್ಟು ಬೂದಿ ಆಗೂತನಾ ಸುಮ್ಮ ಕುಂತ್ಲಲ್ಲ."

"ನೀ ಸರಿಯಾಗಿ ಕೇಳಿಲ್ಲ ಬಿಡು," ಅಂದಳು ಅಕ್ಕ. "ಅಂವಾ ಹೊರಗ ನಿಂತು ಏನೇನಂದಾ, ಹೇಳು ನೋಡೂಣು."

"ಥಂಡಿ ಆಗಾಕತ್ತೇತಿ ಅಂದಾ. ಹಸಿವಿ ಆಗೇತಿ ಅಂದಾ. ನಿನ್ನ ಬಿಟ್ಟು ಇರಾಕ ಆಗೂದಿಲ್ಲ ಅಂದಾ."

"ಕೂಸು ಮಲಗೇತೇನು ಅಂತ ಕೇಳಿದ್ನೇನು? ಒಂದ್ಸಲಾನೂ ಕೇಳಿಲ್ಲ. ಆಕಿ ಅದೊಂದು ಮಾತಿಗೇ ಕಾಯಕೋತ ಕುಂತಿದ್ಲು. ಕೇಳಿದ್ರ ತಗೀತಿದ್ಲೋ ಏನೋ."

"ನೀ ವಕೀಲಕಿ ಓದಬೇಕಿತ್ತು ನೋಡಕ್ಕಾ," ಎಂದು ನಾನು ನಕ್ಕೆ. ಅವಳು ನಗಲಿಲ್ಲ.

ಮರುದಿನ ರವಿವಾರ. ಮಧ್ಯಾಹ್ನ ಅವಳ ಗಂಡ ಬಂದ. ಕಿಟಕಿಯಿಂದ ಬೈಕ್ ಕಂಡ ಕೂಡಲೇ ಅಕ್ಕ ತಾನೇ ಹೋಗಿ ಚಿಲಕ ಹಾಕಿದಳು. ಹಿಂದಕ್ಕೆ ಸರಿದು ಅಡುಗೆಮನೆಯ ಗೋಡೆಗೆ ಒರಗಿ ನಿಂತು, "ತಗೀಬ್ಯಾಡ ತಮ್ಮಾ," ಅಂದಳು. ಅಷ್ಟೇ.

ಅವನು ಕೂಗಾಡಲಿಲ್ಲ. ದನಿ ತಗ್ಗಿಸಿ ಅತ್ತ. "ಬಾಗಲಾ ತಗೀರಿ ಅತ್ತೀ. ಇಷ್ಟ ದಿನಾ ಆತು, ಒಂದು ಬಿಸಿ ರೊಟ್ಟಿ ಕಂಡಿಲ್ಲರಿ ನಾ. ಊರಾಗ ಮಂದಿ ಕೇಳಾಕತ್ತಾರ, ಹೆಂಗ ಮಾರಿ ತೋರಸ್ಲಿ? ನಿದ್ದಿ ಇಲ್ಲರಿ ನನಗ. ತಪ್ಪಾತು ಅಂದ್ನೆಲ್ಲಾ."

ಎದುರುಮನೆಯವರು ಕಟ್ಟೆಗೆ ಬಂದು ನಿಂತರು. ಅವ್ವ ನನ್ನ ಮುಖ ನೋಡಿ, "ಓಣ್ಯಾಗಿನ ಮಂದಿ ನೋಡಾಕತ್ತಾರಪಾ," ಅಂದಳು.

ನಾನು ಚಿಲಕ ತೆಗೆದೆ.

ಅವನು ಒಳಗೆ ಬಂದು ಅವ್ವನ ಕಾಲು ಮುಟ್ಟಿದ, ಚಹಾ ಕುಡಿದ, ಸಂಜೆಗೆ ಅಕ್ಕನನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋದ. ಅವಳ ಕೈ ಹೇಗಿದೆ ಎಂದು ಅವನು ಒಮ್ಮೆಯೂ ಕೇಳಲಿಲ್ಲವೆಂಬುದು ನನಗೆ ಹೊಳೆದದ್ದು ಬೈಕ್ ಓಣಿಯ ತಿರುವು ದಾಟಿದ ಮೇಲೆ. ಬೆನ್ನು ಹತ್ತಿ ಹೋಗಬಹುದಿತ್ತು. ಹೋಗಲಿಲ್ಲ.

ಆ ವಾರ ನಾನೊಬ್ಬನೇ ಕೂತು ಆ ಕಂತನ್ನು ಮತ್ತೆ ನೋಡಿದೆ. ಅಕ್ಕ ಹೇಳಿದ್ದು ಖರೇ ಇತ್ತು. ಹೊರಗೆ ನಿಂತವನ ಮಾತಿನಲ್ಲಿ ಮಗುವಿನ ಸುದ್ದಿಯೇ ಇರಲಿಲ್ಲ. ಕ್ಯಾಂಟೀನಿನಲ್ಲಿ ಅದನ್ನು ಹೇಳಲು ಹೋದೆ. ಮಾತು ಮುಗಿಯುವ ಮೊದಲೇ ನನ್ನ ದನಿ ಏರಿತ್ತು. ಊಟಕ್ಕೆ ಕೂತವರೆಲ್ಲ ತಿರುಗಿ ನೋಡಿದರು.

"ಎಷ್ಟಾದ್ರೂ ಗಂಡ ಅಲ್ಲೇನಪಾ?" ಅಂದರು ಒಬ್ಬ ಹಿರಿಯ ಫಿಟ್ಟರ್. "ಅಲ್ಲೋ, ಮೊನ್ನೆ ಮೊನ್ನೆ ನೀನ ಆಕೀನ್ನ ಬೈಯಾಕತ್ತಿದ್ದೆಲ್ಲಾ!"

ಎಲ್ಲರೂ ನಕ್ಕರು. ಡಬ್ಬಿ ಮುಚ್ಚಿ ಎದ್ದೆ.

ಹೆಣ್ಣುಮಕ್ಕಳು ತವರಿಗೆ ಬರುವ ನಾಗರಪಂಚಮಿ ಬಂತು. ಉಂಡಿ ಕಟ್ಟಿಕೊಂಡು ಅಕ್ಕನನ್ನು ಕರೆತರಲು ಉಪ್ಪಿನಬೆಟಗೇರಿಗೆ ಹೋದೆ. ಈ ವರ್ಷ ಕಳಿಸಲು ಆಗುವುದಿಲ್ಲ, ಮನೆಯಲ್ಲಿ ಕೆಲಸವಿದೆ ಎಂದು ಅವಳ ಅತ್ತೆ ಪಡಸಾಲೆಯಲ್ಲೇ ಹೇಳಿಬಿಟ್ಟರು. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿಗೆ ತೊಂದರೆಯಾಗುತ್ತದೆಂದು ಪ್ಲಾಸ್ಟರನ್ನು ಅವಧಿಗೆ ಮೊದಲೇ ಕೊಯ್ದು ತೆಗೆಸಿದ್ದರಂತೆ. ಎಲುಬು ಸೊಟ್ಟಗೆ ಕೂಡಿತ್ತು. ಎಡಗೈಯನ್ನು ಸುಮ್ಮನೆ ಹಿಟ್ಟಿನ ಅಂಚಿಗೆ ಆನಿಸಿಕೊಂಡು ಬಲಗೈ ಒಂದರಿಂದಲೇ ಬಡಿಯುತ್ತಿದ್ದಳು.

"ನಡೀ ಅಕ್ಕಾ, ಯಾರನ್ನೂ ಕೇಳೂದು ಬ್ಯಾಡ. ಹಿಂಗ ಹೊಂಟು ಬಿಡೂಣು," ಅಂದೆ.

ಅವಳು ರೊಟ್ಟಿ ತಿರುವಿ ಹಾಕಿದಳು. ನಾನು ಆ ಸೀರಿಯಲ್ಲಿನ ಮಾತು ತೆಗೆದೆ. ಕ್ಯಾಂಟೀನಿನಲ್ಲಿ ಆ ಹೆಂಗಸಿನ ಪರವಾಗಿ ಜಗಳಾಡಿದ್ದನ್ನು ಹೇಳಿದೆ. ಅವಳಿಗೆ ಸಮಾಧಾನವಾದೀತು ಎಂದುಕೊಂಡಿದ್ದೆ.

"ಆಕಿ ಪುಣ್ಯಾ ಮಾಡಿದ್ಲು," ಅಂದಳು ಅಕ್ಕ. "ಆಕೀ ಮನ್ಯಾಗ ಬಾಗಲಾ ತಗ್ಯಾಕ ಮತ್ತೊಬ್ರಿರಲಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳ ಕಾಲು ಹಿಡಿಯಬಹುದಿತ್ತು. ಹಿಟ್ಟು ತೀರಿತು ಅನ್ನುವ ಹಾಗೆ ಹೇಳಿ, ಅವ್ವನಿಗೆಂದು ನಾಲ್ಕು ರೊಟ್ಟಿ ಅರಿವೆಯಲ್ಲಿ ಸುತ್ತಿ ಕೊಟ್ಟಳು.

ಬಸ್ಸಿನಲ್ಲಿ ಧಾರವಾಡಕ್ಕೆ ಬಂದೆ. ಅವ್ವ ಅಂಗಳದಲ್ಲೇ ನಿಂತಿದ್ದಳು. ನನ್ನ ಹಿಂದೆ ಯಾರೂ ಇಲ್ಲದ್ದನ್ನು ನೋಡಿ, "ಹೆಂಗದಾಳ?" ಅಂದಳು.

"ಆರಾಮ ಅದಾಳ," ಅಂದೆ.